ಬೀಸುವ ಕಲ್ಲಿಲ್ಲದೆ ಹಾಡಿದ್ದು

ನನಗೆ ಮಾತು ಕಡಿಮೆ ಎಂದು ನೀವೆಲ್ಲ ನಗುತ್ತೀರಿ. ಫೋನು ಕೈಗೆ ಕೊಟ್ಟರೆ ನಾನು ‘ಹೂಂ, ಸರಿ, ಇಡು’ ಎನ್ನುವುದನ್ನು ನಿಮ್ಮಲ್ಲಿ ಒಬ್ಬಳು ನಟಿಸಿಯೂ ತೋರಿಸಿದ್ದಾಳೆ. ಚೆನ್ನಾಗಿಯೇ ನಟಿಸುತ್ತಾಳೆ. ಆದರೆ ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲ, ಹಾಗಾಗಿ ಹಾಳೆಯ ಮೇಲೆ ನಾನು ಬೇಕಾದಷ್ಟು ಮಾತಾಡಬಲ್ಲೆ. ಈಗ ಬರೆಯುತ್ತಿರುವುದು ನನ್ನ ಇಬ್ಬರು ಮಕ್ಕಳು ನನ್ನ ಹತ್ತಿರವೇ ಉಳಿದದ್ದು ಹೇಗೆ ಎಂಬುದನ್ನು. ಅವರಲ್ಲಿ ಒಬ್ಬಳು ನಿಮ್ಮಲ್ಲಿ ಕೆಲವರಿಗೆ ಅಮ್ಮ, ಇನ್ನೊಬ್ಬ ಉಳಿದವರಿಗೆ ಅಪ್ಪ. ಅವರು ಬೇರೆ ಬೇರೆ ಊರಲ್ಲಿ ಬೆಳೆಯಬೇಕಾಗಿತ್ತು ಎಂಬುದು ಅವರಿಗೇ ಸರಿಯಾಗಿ ಗೊತ್ತಿಲ್ಲ.

ನಾನು ಹುಟ್ಟಿದ್ದು ಹೊನ್ನಾಳಿ ಕಡೆಯ ಒಂದು ಹಳ್ಳಿಯಲ್ಲಿ. ಶಾಲೆ ಎಂದರೆ ಗುಡಿಯ ಪೌಳಿ. ನಾಲ್ಕನೆಯ ಕ್ಲಾಸಿನವರೆಗೆ ಓದಿದೆ. ಅಕ್ಷರ ದುಂಡಗಿದ್ದವು, ಲೆಕ್ಕ ಬರುತ್ತಿತ್ತು. ಆದರೆ ಮೇಷ್ಟ್ರು ಪದ್ಯ ಹೇಳು ಎಂದು ಎಬ್ಬಿಸಿ ನಿಲ್ಲಿಸಿದರೆ ನಾಲಗೆ ಒಣಗಿ ಅಂಟಿಕೊಳ್ಳುತ್ತಿತ್ತು. ಅದೇ ನಾನು ಬೆಳಗಿನ ಜಾವ ಅಜ್ಜಿಯ ಎದುರು ಬೀಸುವ ಕಲ್ಲಿಗೆ ಕೂತೆನೆಂದರೆ ಒಂದು ಮೊರ ಜೋಳ ಹಿಟ್ಟಾಗುವವರೆಗೂ ಹಾಡುತ್ತಿದ್ದೆ. ಒಂದೇ ಗೂಟವನ್ನು ಇಬ್ಬರೂ ಹಿಡಿದು ತಿರುಗಿಸುವುದು. ಪದ ಮೂರು ಸಾಲಿನದು. ಸಾಲು ಕಲ್ಲಿನ ಸುತ್ತಿಗೆ ಸರಿಯಾಗಿ ಬೀಳಬೇಕು. ಮೂರನೆಯ ಸಾಲು ಮುಗಿದ ಮೇಲೆ ಎಡಗೈಯಿಂದ ಒಂದು ಮುಷ್ಟಿ ಕಾಳು ತೆಗೆದು ಕಲ್ಲಿನ ಬಾಯಿಗೆ ಹಾಕುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಬಹುದು. ಗೊತ್ತಿದ್ದ ಪದಗಳೆಲ್ಲ ಮುಗಿದವು ಎಂದು ಕಲ್ಲು ನಿಲ್ಲಿಸಿದರೆ ಅಜ್ಜಿಗೆ ಆಗುತ್ತಿರಲಿಲ್ಲ.

“ಪದ ಮುಗೀತು ಅಂದ್ರೆ ಜೋಳ ಮುಗೀತೇನೇ? ಹೊಸದು ಕಟ್ಟು.”

ಹಾಗೆ ಕಟ್ಟುವುದು ಕಲಿತೆ. ಅದು ಕವಿತ್ವ ಎಂದು ಯಾರೂ ಹೇಳಲಿಲ್ಲ, ನನಗೂ ಅನ್ನಿಸಲಿಲ್ಲ. ಹಿಟ್ಟು ಬೇಕಾಗಿತ್ತು, ಅದಕ್ಕೆ ಪದ ಬೇಕಾಗಿತ್ತು, ಅಷ್ಟೆ.

ಐವತ್ತರ ದಶಕದ ಮೊದಲಿಗೆ ಮದುವೆಯಾಗಿ ಭದ್ರಾವತಿಗೆ ಬಂದೆ. ನಿಮ್ಮ ಅಜ್ಜ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಹೊಸ ಹೆಂಡತಿಯ ಜೊತೆಗೆ ರೈಲಿನಲ್ಲಿ ಬೀಸುವ ಕಲ್ಲೂ ಬಂದದ್ದು ಅವರಿಗೆ ನಾಚಿಕೆಯಾಗಿತ್ತು. ನಿಲ್ದಾಣದಲ್ಲಿ ಯಾರೋ ಗುರುತಿನವರು ಗೋಣಿಚೀಲ ನೋಡಿ ಒಳಗೇನು ಎಂದು ಕೇಳಿದರೆ ‘ಪಾತ್ರೆ’ ಎಂದುಬಿಟ್ಟರು. ಆ ಪಾತ್ರೆಯನ್ನು ಎತ್ತಲು ಹೋದ ಕೂಲಿಯವನು ಅವರ ಮುಖವನ್ನೇ ನೋಡಿದ. ನಮ್ಮದು ಕ್ವಾರ್ಟರ್ಸ್ ಸಾಲಿನಲ್ಲಿ ಎರಡು ಕೋಣೆಯ ಮನೆ. ಒಂದು ಗೋಡೆಗೆ ಎರಡು ಸಂಸಾರ. ಒಗೆದ ಬಟ್ಟೆ ಒಣಗುವುದರೊಳಗೆ ಅದರ ಮೇಲೆ ಸಣ್ಣಗೆ ಕಪ್ಪು ಪುಡಿ ಕೂರುತ್ತಿತ್ತು. ಮೊದಲ ಮಗು ಹುಟ್ಟಿದ ಮೇಲೆ ಒಂದು ಗೌರಿ ಹಬ್ಬಕ್ಕೆ ನನ್ನ ಅಣ್ಣ ಬಾಗಿನ ತರಲು ತಡಮಾಡಿದ. ಆ ಬೆಳಿಗ್ಗೆ ಕಲ್ಲಿನ ಮುಂದೆ ಕೂತು ಕಟ್ಟಿದ್ದು ಇದು:

ಕಬ್ಬಿಣ ಕರಗಿಸೋ ಊರಿಗೆ ಬಂದೀನಿ
ಹಬ್ಬಕ್ಕೆ ಅಣ್ಣ ಬರಲಿಲ್ಲ – ನನ ಮಗಳು
ಹೆಬ್ಬಾಗಿಲ ಕಾದು ಕುಂತಾಳೆ

ಪಾಳಿ ಮುಗಿಸಿ ಬಂದ ನಿಮ್ಮ ಅಜ್ಜ ಹೊಸಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು.

“ಈ ಮನೇಲಿ ಹೆಬ್ಬಾಗಿಲು ಎಲ್ಲಿದೆ ಮಾರಾಯ್ತಿ? ನಾನೇ ತಲೆ ಬಗ್ಗಿಸಿ ಬರ್ತೀನಿ.”

ಪದಕ್ಕೆ ಬೇಕಿತ್ತು ಎಂದೆ. ಅಂದಿನಿಂದ ಅವರು ಮನೆಯೊಳಗೆ ಬರುವಾಗ ‘ಹೆಬ್ಬಾಗಿಲು ತೆಗಿ’ ಎಂದು ಕೂಗುವುದು ರೂಢಿಯಾಯಿತು. ಅದಾದ ಮೇಲೆ ಮಗನೂ ಹುಟ್ಟಿದ.

ಮಗನಿಗೆ ನಾಲ್ಕು ತುಂಬುವ ಹೊತ್ತಿಗೆ ಅವರಿಗೆ ವಿಷಮಶೀತ ಜ್ವರ ಬಂತು. ಇಪ್ಪತ್ತೊಂದು ದಿನದಲ್ಲಿ ಎಲ್ಲ ಮುಗಿಯಿತು. ನಮ್ಮವರಲ್ಲಿ ಸುಡುವುದಿಲ್ಲ. ಕೂರಿಸಿ, ಎಡ ಅಂಗೈಯಲ್ಲಿ ಅವರವರ ಇಷ್ಟಲಿಂಗ ಇಟ್ಟು ಮಣ್ಣಿಗೆ ಕೊಡುತ್ತಾರೆ. ಅವರ ಅಂಗೈಯ ಮೇಲಿದ್ದ ಆ ಲಿಂಗವನ್ನು ನೋಡಿದ್ದೇ ಕೊನೆಯ ನೋಟ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ ನನ್ನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ‘ಲಿಂಗದ ಮುಂದೆ ಏನೂ ಕೇಳಬಾರದು, ಸುಮ್ಮನೆ ನೋಡಬೇಕು’ ಎಂದು ಅವ್ವ ಕಲಿಸಿದ್ದಳು. ಸುಮ್ಮನೆ ನೋಡಿದೆ. ಆ ಮನೆಯಲ್ಲಿ ಅಲುಗಾಡದೆ ಇದ್ದದ್ದು ಅದೊಂದೇ ಅನ್ನಿಸಿತು. ಎದ್ದು ಮಕ್ಕಳಿಗೆ ಗಂಜಿ ಮಾಡಿದೆ.

ಹದಿನೈದು ದಿನದ ಮೇಲೆ ಭಾವ ಬಂದರು. ನಿಮ್ಮ ಅಜ್ಜನ ಅಣ್ಣ, ಶಿಕಾರಿಪುರದ ಕಡೆ ಗದ್ದೆ ಮಾಡಿಕೊಂಡಿದ್ದವರು. ಕೆಟ್ಟವರಲ್ಲ. ಯೋಚಿಸಿಯೇ ಒಂದು ತೀರ್ಮಾನ ಮಾಡಿಕೊಂಡು ಬಂದಿದ್ದರು. ಕ್ವಾರ್ಟರ್ಸ್ ಬೇಸಿಗೆ ಮುಗಿಯುವುದರೊಳಗೆ ಬಿಟ್ಟುಕೊಡಬೇಕು. ಗಂಡುಹುಡುಗ ತಮ್ಮ ಮನೆಗೆ, ಮಗಳೂ ನಾನೂ ನನ್ನ ತವರಿಗೆ. ಅವರಿಗೆ ಮಕ್ಕಳಿರಲಿಲ್ಲ. ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರು ಆಗಲೇ ಹುಡುಗನಿಗೆಂದು ಹೊಸ ಕೌದಿ ಹೊಲಿಯುತ್ತಿದ್ದಾರೆ ಎಂದೂ ಭಾವ ಹೇಳಿದರು. ಭಾವನ ಎದುರು ನಿಂತು ಮಾತಾಡುವುದು ನಮ್ಮಲ್ಲಿ ಇರಲಿಲ್ಲ. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ನನ್ನ ಮೌನವನ್ನು ಅವರು ಒಪ್ಪಿಗೆ ಎಂದು ತಿಳಿದರು. ಬೇರೆ ಹೇಗೆ ತಿಳಿಯಬೇಕಿತ್ತು?

ಆ ದಿನಗಳಲ್ಲಿ ನಾನು ಕಲ್ಲು ಮುಟ್ಟಲಿಲ್ಲ. ಗಂಡ ಹೋದ ಮನೆಯಿಂದ ಹಾಡು ಕೇಳಿಸಿದರೆ ಸಾಲಿನವರು ಏನೆಂದುಕೊಂಡಾರು ಎಂದು ಜೋಳವನ್ನು ಮಿಲ್ಲಿಗೆ ಕಳಿಸುತ್ತಿದ್ದೆ. ಬಾಗಿಲ ಮುಂದೆ ರಂಗೋಲಿಯನ್ನೂ ಬಿಟ್ಟೆ. ಅದು ಮುತ್ತೈದೆಯರ ಕೆಲಸ. ನೀರು ಚಿಮುಕಿಸಿ ಗುಡಿಸಿ ಹಾಗೇ ಒಳಗೆ ಬಂದುಬಿಡುವುದು.

ಪಕ್ಕದ ಮನೆಯಲ್ಲಿದ್ದವರು ತಮಿಳಿನವರು. ಆ ಅಮ್ಮ ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು. ದಿನವೂ ಬೆಳಿಗ್ಗೆ ಅಕ್ಕಿಹಿಟ್ಟಿನಲ್ಲಿ ಕೋಲ ಎಂಬ ತಮ್ಮ ಕಡೆಯ ರಂಗೋಲಿ ಹಾಕುತ್ತಿದ್ದರು, ಕೈ ಎತ್ತದೆ ಒಂದೇ ಗೆರೆ ಚುಕ್ಕಿಗಳನ್ನು ಬಳಸಿಕೊಂಡು ಹೋಗುವಂಥದ್ದು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಅವರ ಕೋಲ ಅವರ ಹೊಸಿಲ ಮುಂದೆ ನಿಂತಿರಲಿಲ್ಲ. ಆ ಗೆರೆ ನಡುವಿನ ಕಲ್ಲುಚಪ್ಪಡಿ ದಾಟಿ ನಮ್ಮ ಬಾಗಿಲವರೆಗೆ ಬಂದು, ಒಂದು ಸುತ್ತು ಹೊಡೆದು, ತಿರುಗಿ ಅವರ ಮನೆಗೇ ಹೋಗಿತ್ತು. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

“ಗೆರೆ ನಿಲ್ಲಿಲ್ಲಮ್ಮಾ, ಓಡಿ ಬಂತು. ನಾನೇನು ಮಾಡ್ಲಿ?”

ಅವರೇ ಮುಂದುವರಿಸಿದರು. ನನ್ನ ಕಲ್ಲಿನ ಸದ್ದಿಲ್ಲದೆ ತಮಗೆ ಬೆಳಗಾದದ್ದೇ ತಿಳಿಯುವುದಿಲ್ಲ, ಗಂಡ ಎರಡು ಸಲ ಪಾಳಿಗೆ ತಡವಾಗಿ ಹೋದರು, ಅದು ನನ್ನದೇ ತಪ್ಪು ಎಂದರು. ಗಂಡನ ನಿದ್ದೆಯನ್ನು ನನ್ನ ತಲೆಗೆ ಕಟ್ಟಿದ್ದು ಕೇಳಿ ನನಗೆ ನಗು ಬಂತು, ಎಷ್ಟೋ ವಾರಗಳ ಮೇಲೆ. ಮಗಳು, ಆಗ ಏಳು ವರ್ಷದವಳು, ಅಷ್ಟರಲ್ಲೇ ಆ ಗೆರೆಯ ಮೇಲೆ ಕಾಲಿಡದಂತೆ ಕುಂಟುತ್ತ ಆಚೆ ಈಚೆ ಜಿಗಿಯುತ್ತಿದ್ದಳು. ಮರುದಿನ ಕಲ್ಲು ತೊಳೆದು ಮುಂದೆ ಕೂತೆ. ಕೈ ತಿರುಗಿತು, ಪದ ಬಂತು:

ನೆರೆಮನೆಯ ಹಿಟ್ಟಿನ ಗೆರೆ ದಾಟಿ ಬಂದೈತೆ
ಬರಿದಾದ ಹೊಸಿಲ ತಬ್ಬೈತೆ – ನನ ಕೈಯೆ
ಬರೆಯೋದು ನೀನು ಮರೆತೇನೆ

ಈ ಪದ ಕಟ್ಟಿದ ದಿನವೇ ಮಕ್ಕಳನ್ನು ಬಿಟ್ಟುಕೊಡುವುದಿಲ್ಲ ಎಂದು ನಿರ್ಧರಿಸಿದೆ. ಹೇಗೆ ಎಂಬುದು ಗೊತ್ತಿರಲಿಲ್ಲ. ಆದರೆ ಬಾಗಿಲ ಮರೆಯಲ್ಲಿ ನಿಂತರೆ ಆಗುವ ಕೆಲಸವಲ್ಲ ಎಂಬುದು ಮಾತ್ರ ಗೊತ್ತಿತ್ತು. ವಿಷಯ ತಿಳಿದ ಪಕ್ಕದ ಮನೆಯ ಅಮ್ಮ ತಮ್ಮ ಗಂಡನಿಗೆ ಹೇಳಿದರು. ಅವರು ಊರೆಲ್ಲ ವಿಚಾರಿಸಿ ಒಂದು ಸುದ್ದಿ ತಂದರು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಹೆಂಗಸರ ಸಂಘವೊಂದು ಶಿಶುವಿಹಾರ ನಡೆಸುತ್ತಿದೆ, ಓದುಬರಹ ಬಲ್ಲ, ಮಕ್ಕಳಿಗೆ ಪದ ಹೇಳಿಕೊಡಬಲ್ಲ ಹೆಂಗಸು ಬೇಕಂತೆ, ಹಿಂದುಗಡೆ ಇರುವುದಕ್ಕೆ ಒಂದು ಕೋಣೆಯೂ ಇದೆಯಂತೆ. ದುಂಡಗಿನ ಅಕ್ಷರದಲ್ಲಿ ಅರ್ಜಿ ಬರೆದೆ. ಬಂದು ಕಾಣಿ ಎಂದು ಕಾರ್ಡು ಬಂತು.

ಪದದ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ಬೇರೆ ಯಾವುದಕ್ಕಾದರೂ ಹೆದರಬಹುದು, ಪದ ನನ್ನ ಹೊಟ್ಟೆಯಲ್ಲೇ ಇದೆಯಲ್ಲ ಎಂದುಕೊಂಡು ಕಾಗುಣಿತ, ಮಗ್ಗಿ ಎಲ್ಲ ತಿರುವಿಹಾಕಿದೆ. ಅಲ್ಲೇ ನಾನು ತಪ್ಪಿದ್ದು.

ಹೋಗುವ ದಿನ ಪೂಜೆಗೆ ಕೂತಾಗ ಅವ್ವನ ಮಾತು ಮೀರಿ ಒಂದು ಕೇಳಿದೆ, ನನಗೆ ಧೈರ್ಯ ಕೊಡು ಎಂದು. ಕೇಳಿದ ಮೇಲೆ ನಾಚಿಕೆಯಾಗಿ ವಿಭೂತಿ ಗಟ್ಟಿಯನ್ನು ಗಡಿಬಿಡಿಯಲ್ಲಿ ಕೆಳಗೆ ಬೀಳಿಸಿದೆ. ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಸ್ಸು ಹತ್ತಿದೆ. ಮಲವಗೊಪ್ಪ ದಾಟಿದ ಮೇಲೆ ಧೈರ್ಯ ಬಂತೇನೋ ಎಂದು ನೋಡಿಕೊಂಡೆ. ಬಂದಿರಲಿಲ್ಲ.

ಶಿಶುವಿಹಾರದ ಕೋಣೆಯಲ್ಲಿ ಮೂವರು ಕೂತಿದ್ದರು. ಸಂಘದ ಅಧ್ಯಕ್ಷೆ, ತಲೆ ಪೂರ್ತಿ ನೆರೆತ ಹಿರಿಯರು. ಅವರ ಬಲಕ್ಕೆ ರೇಷ್ಮೆ ಸೀರೆಯ ಒಬ್ಬ ಸದಸ್ಯೆ. ಎಡಕ್ಕೆ ನಿವೃತ್ತ ಹೆಡ್‌ಮಾಸ್ಟರು. ಹೆಡ್‌ಮಾಸ್ಟರು ಓದಿಸಿದರು, ಬರೆಸಿದರು, ಅಕ್ಷರ ನೋಡಿ ತಲೆದೂಗಿದರು. ಆಮೇಲೆ ಅಧ್ಯಕ್ಷೆ, ಮಕ್ಕಳಿಗೆ ಹೇಳಿಕೊಡುವಂಥ ಒಂದು ಪದ ಹೇಳಿ ಎಂದರು.

ಬಾಯಿ ತೆರೆದೆ. ಏನೂ ಇಲ್ಲ. ಒಂದು ಸಾಲೂ ಇಲ್ಲ. ಮರೆತದ್ದಲ್ಲ, ಪದ ಇರಬೇಕಾದ ಜಾಗವೇ ಖಾಲಿ. ಹುಟ್ಟಿದಂದಿನಿಂದ ನಾನು ಕಲ್ಲಿನ ಮುಂದಲ್ಲದೆ ಬೇರೆ ಎಲ್ಲೂ ಹಾಡಿರಲಿಲ್ಲ, ಅದು ನನಗೆ ಹೊಳೆದೂ ಇರಲಿಲ್ಲ. ಪದ ನನ್ನ ಗಂಟಲಲ್ಲಿ ಇರಲೇ ಇಲ್ಲ, ಬಲಗೈ ರಟ್ಟೆಯಲ್ಲಿತ್ತು. ಕುರ್ಚಿಯ ಮೇಲೆ ಕೈಕಟ್ಟಿ ಕೂತ ಹೆಂಗಸಿಗೆ ಅದು ಎಲ್ಲಿಂದ ಬರಬೇಕು? ರೇಷ್ಮೆ ಸೀರೆಯವರು ಗಡಿಯಾರ ನೋಡಿದರು. ಹೆಡ್‌ಮಾಸ್ಟರು ಪಾಪ, ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು. ನನಗೆ ಅಕ್ಕ ಹೊಲಿಯುತ್ತಿದ್ದ ಕೌದಿಯೇ ಕಣ್ಣಿಗೆ ಬಂತು, ಅದರ ಕೆಳಗೆ ನನ್ನ ಮಗ ಮಲಗಿರುವ ಹಾಗೆ.

“ಬೀಸೋ ಕಲ್ಲು ಇದ್ರೆ ಹೇಳ್ತೀನಿ,” ಎಂದೆ.

ಹೆಡ್‌ಮಾಸ್ಟರಿಗೆ ನಗು ತಡೆಯಲಾಗಲಿಲ್ಲ. “ಎದುರಿಗೇ ಹಿಟ್ಟಿನ ಮಿಲ್ಲಿದೆ ತಾಯಿ. ಇಲ್ಯಾರು ಕಲ್ಲು ಇಟ್ಕೊಂಡಿರ್ತಾರೆ?”

ಕಲ್ಲಿಲ್ಲ ಎಂದು ಎದ್ದು ಹೋಗಬೇಕಾಗಿತ್ತು. ಎದ್ದದ್ದೇನೋ ಹೌದು, ಆದರೆ ಬಾಗಿಲ ಕಡೆ ಹೋಗುವ ಬದಲು ನೆಲದ ಮೇಲೆ ಕೂತುಬಿಟ್ಟೆ. ನಾನು ತಲೆ ತಿರುಗಿ ಬಿದ್ದೆ ಎಂದುಕೊಂಡು ಅಧ್ಯಕ್ಷೆ ನೀರು ತರಲು ಆಯಾಳನ್ನು ಕೂಗಿದರು. ನಾನು ಒಂದು ಕಾಲು ಚಾಚಿದೆ, ಒಂದು ಮಡಿಸಿದೆ, ನಡುವೆ ಕಲ್ಲಿದೆ ಎಂದು ಗಾಳಿಯಲ್ಲಿ ಗೂಟ ಹಿಡಿದೆ, ಕಣ್ಣು ಮುಚ್ಚಿ ತಿರುಗಿಸಿದೆ. ಎರಡು ಸುತ್ತು ಬರಿದೇ ತಿರುಗಿತು. ಮೂರನೆಯದಕ್ಕೆ, ಮಗನಿಗೆಂದು ಎಂದೋ ಕಟ್ಟಿದ್ದ ಇರುವೆಯ ಪದ ತಾನಾಗಿ ಬಂತು:

ಒಂದು ಕಾಳು ಬಿತ್ತು, ಇರುವೆ ಹೊತ್ತೋಯ್ತು
ಸಂದೀಲಿ ನಿಂತು ಕರೆದೈತೆ – ತಂಗೀನ
ಬಂದೊಂದು ಕೈಯ ಕೊಡು ಅಂತ

ತಂಗಿ ಇರುವೆ ಬರುತ್ತದೆ, ಸಂದಿಯಲ್ಲಿ ಸಿಕ್ಕಿಕೊಂಡ ಕಾಳು ಅಲುಗುವುದಿಲ್ಲ, ಅಕ್ಕನನ್ನು ಕರೆಯುತ್ತವೆ, ಅವ್ವನನ್ನು ಕರೆಯುತ್ತವೆ. ಹೀಗೆ ಅದನ್ನು ಎಷ್ಟು ಬೇಕಾದರೂ ಬೆಳೆಸಬಹುದು. ಬೆಳೆಸಿದೆ. ಪ್ರತಿ ಪದದ ಕೊನೆಗೆ ಎಡಗೈ ರೂಢಿಯಂತೆ ಇಲ್ಲದ ಮೊರದಿಂದ ಇಲ್ಲದ ಕಾಳು ತೆಗೆದು ಹಾಕುತ್ತಿತ್ತು. ಕಣ್ಣು ಬಿಟ್ಟಾಗ ಆಯಾ ನೀರಿನ ಲೋಟ ಹಿಡಿದುಕೊಂಡು ನಿಂತವಳು ನಿಂತಲ್ಲೇ ತೂಗುತ್ತಿದ್ದಳು.

ರೇಷ್ಮೆ ಸೀರೆಯವರು ಗಂಟಲು ಸರಿಮಾಡಿಕೊಂಡರು.

“ಪದ ಏನೋ ಚೆನ್ನಾಗಿದೆ. ಆದ್ರೆ ಬೆಳಿಗ್ಗೆ ಬೆಳಿಗ್ಗೆನೇ ಮಕ್ಕಳು ನೋಡೋ ಮುಖ...” ಎಂದು ಅಲ್ಲಿಗೆ ನಿಲ್ಲಿಸಿದರು. ಬರಿಗೊರಳು, ಬರಿಗೈ. ಉಳಿದದ್ದನ್ನು ಹೇಳಬೇಕಾಗಿರಲಿಲ್ಲ.

ಅಧ್ಯಕ್ಷೆ ನನ್ನ ಕಡೆ ನೋಡಲೇ ಇಲ್ಲ. ಅವರ ಕಡೆಗೇ ತಿರುಗಿ ಹೇಳಿದರು:

“ಬೆಳಿಗ್ಗೆ ಎದ್ದು ಮಕ್ಕಳು ಮೊದಲು ನೋಡೋದು ಅವರಮ್ಮನ ಮುಖ ಕಣಮ್ಮ. ಇವರ ಮುಖ ನೋಡೋ ಹೊತ್ತಿಗೆ ಹತ್ತು ಗಂಟೆ ಆಗಿರುತ್ತೆ.”

ಒಂದು ತಿಂಗಳು ನೋಡೋಣ, ಆಮೇಲೆ ಖಾಯಂ ಮಾಡುವುದೋ ಬಿಡುವುದೋ ಹೇಳುತ್ತೇವೆ ಎಂದರು. ಹೊರಗೆ ಬಂದವಳು ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಕೋಟೆಯವರೆಗೆ ನಡೆದೆ. ಗುಡಿಯ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದೆ. ಬೆಳಿಗ್ಗೆ ಕೇಳಿದ್ದ ಧೈರ್ಯ ಕೊನೆಗೂ ಬಂದಿರಲಿಲ್ಲ. ಧೈರ್ಯವಿಲ್ಲದೆಯೂ ಕೆಲಸ ಆಗುತ್ತದೆ ಎಂಬುದು ಆ ಕಟ್ಟೆಯ ಮೇಲೆ ನನಗೆ ಖಾತ್ರಿಯಾಯಿತು. ಮೊಸರನ್ನ ತಿಂದೆ. ರುಚಿಯಾಗಿತ್ತು.

ಭಾವನಿಗೆ ಕಾಗದ ಬರೆದೆ. ಒಂದು ತಿಂಗಳು ತಾಳಿ ಎಂದೆ. ಅವರಿಂದ ಎರಡೇ ಸಾಲಿನ ಉತ್ತರ ಬಂತು. ಕಾರಹುಣ್ಣಿಮೆ ಕಳೆದ ಮೇಲೆ ಬರುತ್ತೇನೆ, ಹುಡುಗನ ಬಟ್ಟೆಬರೆ ಸಿದ್ಧವಿರಲಿ. ಅಂದರೆ ಸಂಘದವರ ತಿಂಗಳು ಮುಗಿಯುವ ಮೊದಲೇ. ಮಗನ ಅಂಗಿ ಚಡ್ಡಿಗಳನ್ನು ಮಡಿಸಿ ಟ್ರಂಕಿನಲ್ಲಿ ಬೇರೆಯಾಗಿ ಇಟ್ಟೆ. ಸುಳ್ಳು ಹೇಳುವುದಿಲ್ಲ, ಇಟ್ಟೆ.

ಮೂವರೂ ದುರ್ಗಿಗುಡಿಯ ಆ ಕೋಣೆಗೆ ಬಂದೆವು. ಮಗಳು ಹತ್ತಿರದ ಶಾಲೆಗೆ, ಮಗ ನನ್ನ ಜೊತೆ ಶಿಶುವಿಹಾರಕ್ಕೆ. ಸುಮಾರು ಮೂವತ್ತು ಮಕ್ಕಳು. ಮೊದಲ ವಾರ ಅವರ ಅಳುವಿನಲ್ಲಿ ನನ್ನ ದನಿ ಕೇಳುತ್ತಲೇ ಇರಲಿಲ್ಲ. ಅದು ನನಗೆ ಅನುಕೂಲವೇ ಆಯಿತು, ನಾಚಿಕೆ ಕಳೆಯುವಷ್ಟರಲ್ಲಿ ಅಳು ನಿಂತಿತು. ನೆಲಕ್ಕೆ ಕಪ್ಪು ಕಲ್ಲು ಹಾಸಿತ್ತು. ನಾನು ಸೀಮೆಸುಣ್ಣದಲ್ಲಿ ಚುಕ್ಕಿ ಇಡುವುದು, ಮಕ್ಕಳು ಒಂದೊಂದು ಚುಕ್ಕಿಯ ಮೇಲೂ ಹುಣಸೆಬೀಜ ಇಟ್ಟು ಎಣಿಸುವುದು, ಆಮೇಲೆ ಬೀಜದಿಂದ ಬೀಜಕ್ಕೆ ಗೆರೆ ಎಳೆಯುವುದು. ಒಂದು ದಿನ ರೇಷ್ಮೆ ಸೀರೆಯವರು ಬಂದು ನೋಡಿ, “ನೀವು ರಂಗೋಲಿ ಹಾಕ್ತೀರಾ?” ಎಂದು ಕೇಳಿದರು.

“ಇಲ್ಲಮ್ಮ. ಗಣಿತ,” ಎಂದೆ.

ಅವರು ಸ್ವಲ್ಪ ಹೊತ್ತು ಆ ಗಣಿತವನ್ನು ನೋಡಿದರು. ತುದಿಯಲ್ಲಿ ಒಂದು ಬೀಜ ಸಾಲು ತಪ್ಪಿತ್ತು. ಬಗ್ಗಿ ಅದನ್ನು ಸರಿಮಾಡಿ ಹೋದರು.

ಕಾರಹುಣ್ಣಿಮೆಯ ಮೂರನೆಯ ದಿನ ಭಾವ ಬಂದರು. ಕೋಣೆಗೆ ಬೀಗ ನೋಡಿ ನೇರವಾಗಿ ಶಿಶುವಿಹಾರದ ಬಾಗಿಲಿಗೇ ಬಂದು ನಿಂತರು, ಬಗಲಲ್ಲಿ ಕೊಡೆ, ಕೈಯಲ್ಲಿ ಖಾಲಿ ಚೀಲ. ಆಗ ಪದದ ಹೊತ್ತು. ಮೂವತ್ತು ಮಕ್ಕಳೂ ಒಂದು ಕಾಲು ಚಾಚಿ, ಒಂದು ಮಡಿಸಿ, ಗಾಳಿಯಲ್ಲಿ ಕಲ್ಲು ತಿರುಗಿಸುತ್ತ ಇರುವೆಯ ಪದ ಹೇಳುತ್ತಿದ್ದರು. ಅವರನ್ನು ಕಂಡರೂ ನನ್ನ ಕೈ ನಿಲ್ಲಲಿಲ್ಲ. ಭಾವ ಒಂದು ಹೆಜ್ಜೆ ಒಳಗೆ ಇಡಲು ಹೋದರು. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಮಗ ಅವರನ್ನು ನೋಡಿದ.

“ದೊಡ್ಡಪ್ಪ, ಅಲ್ಲಿ ಕಾಲಿಡಬೇಡಿ, ಹಿಟ್ಟಿದೆ.”

ಭಾವ ಕೆಳಗೆ ನೋಡಿದರು. ಎತ್ತಿದ್ದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಗೋಡೆಯ ಪಕ್ಕಕ್ಕೆ ಸರಿದು, ಪಂಚೆ ಎತ್ತಿ ಹಿಡಿದು, ಆ ಇಲ್ಲದ ಹಿಟ್ಟನ್ನು ಬಳಸಿಕೊಂಡು ಬಂದು ಮೂಲೆಯ ಬೆಂಚಿನ ಮೇಲೆ ಕೂತರು. ಅಷ್ಟು ದೊಡ್ಡ ಮನುಷ್ಯ. ಪದ ಮುಗಿಯುವವರೆಗೂ ಮಗನನ್ನೇ ನೋಡುತ್ತಿದ್ದರು.

ಆಯಾ ಮಕ್ಕಳಿಗೆ ತಿಂಡಿ ಕೊಡಲು ಒಳಗೆ ಕರೆದುಕೊಂಡು ಹೋದಳು. ನಾವಿಬ್ಬರೇ ಉಳಿದೆವು. ಅಲ್ಲಿ ಮರೆಯಾಗಿ ನಿಲ್ಲಲು ಬಾಗಿಲಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವರ ಎದುರಿಗೆ ನಿಂತೆ, ಸೆರಗು ಹೊದ್ದುಕೊಂಡು.

“ಮಕ್ಕಳು ಇಬ್ರೂ ಇಲ್ಲೇ ಇರ್ತಾರೆ ಭಾವ. ರಜ ಬಂದಾಗ ನಾನೇ ಕರ್ಕೊಂಡು ಬಂದು ಬಿಡ್ತೀನಿ.”

ಅವರು ಕೊಡೆಯ ತುದಿಯಿಂದ ನೆಲ ಕೆರೆಯುತ್ತಿದ್ದರು.

“ಕೌದಿ ಮುಗೀತು. ಅವಳು ಬಾಗಿಲಲ್ಲೇ ಕೂತಿರ್ತಾಳೆ,” ಎಂದರು. “ನಾನು ಏನಂತ ಹೇಳ್ಲಿ?”

ಅಕ್ಕ ಬಸ್ಸು ಕಾಯುತ್ತ ಕೂತದ್ದು ನನ್ನ ಕಣ್ಣಿಗೆ ಕಟ್ಟಿತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ದಸರಾ ರಜಕ್ಕೆ ಖಂಡಿತ ಬರುತ್ತೇವೆ ಎಂದು ಹೇಳಿ, ನಾನು ಹೇಳಿದೆನೆಂದೇ ಹೇಳಿ ಎಂದೆ. ಅವರು ತಲೆಯಾಡಿಸಿ ಎದ್ದರು. ಹೋಗುವಾಗ ಮಗನನ್ನು ಕರೆದು ತಲೆ ಸವರಿದರು. ಚೀಲವನ್ನು ಮಡಿಸಿ ಬಗಲಲ್ಲಿಟ್ಟುಕೊಂಡು ಹೋದರು. ಆ ತಿಂಗಳ ಕೊನೆಗೆ ಸಂಘದವರು ಖಾಯಂ ಮಾಡಿದ ಕಾಗದ ಕೊಟ್ಟರು. ಕೆಳಗೆ ರೇಷ್ಮೆ ಸೀರೆಯವರ ರುಜುವೂ ಇತ್ತು.

ದಸರಾ ರಜಕ್ಕೆ ಇಬ್ಬರನ್ನೂ ಕರೆದುಕೊಂಡು ಹೋದೆ. ಅಕ್ಕ ನನ್ನನ್ನು ಮಾತಾಡಿಸಲು ಎರಡು ದಿನ ಹಿಡಿಯಿತು. ಮೂರನೆಯ ದಿನ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದರು. ನಾನು ಕೌದಿ ಹೊಲಿಗೆಯ ಬಣ್ಣ ಚೆನ್ನಾಗಿದೆ ಎಂದೆ. ನಿಜವಾಗಿಯೂ ಚೆನ್ನಾಗಿತ್ತು. ಇಬ್ಬರು ಮಕ್ಕಳೂ ಅದರ ಕೆಳಗೇ ಮಲಗುತ್ತಿದ್ದರು, ಕಾಲು ಜಗ್ಗಾಡುತ್ತ. ಹೊರಡುವ ದಿನ ನನ್ನ ಮಗ ಎಮ್ಮೆಕರುವಿನ ಕೊರಳು ತಬ್ಬಿಕೊಂಡು ಬರುವುದೇ ಇಲ್ಲವೆಂದು ಅತ್ತ. ಭಾವ ಅವನ ಕೈ ಬಿಡಿಸಿ, ಎತ್ತಿಕೊಂಡು ಬಂದು, ಬಸ್ಸಿನಲ್ಲಿ ನನ್ನ ಮಡಿಲಲ್ಲಿ ಕೂರಿಸಿದರು.